ಚಾಲಕನ ಮೇಲಿನ ನಂಬಿಕೆ, ದೇವರ ಮೇಲಿನ ನಂಬಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿಪೂರ್ವ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿದಷ್ಟು ಕಾಲವೂ ಒಂದು ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಪ್ರಮಾಣಗಳ, ಅಂದರೆ ಸರಿಯಾದ ತಿಳಿವಿನ ಸಾಧನಗಳ, ಪಾಠ ಶುರುವಾದ ವಾರವೇ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತಿತ್ತು. “ಮೇಡಂ, ನೀವು ಬೆಳಿಗ್ಗೆ ಬಸ್ಸಿನಲ್ಲಿ ಬಂದಿರಿ. ಚಾಲಕನ ಪರವಾನಗಿ ನೋಡಿದಿರಾ? ಇಲ್ಲ. ಅಂದ ಮೇಲೆ ನಿಮ್ಮದೂ ಪುರಾವೆಯಿಲ್ಲದ ನಂಬಿಕೆಯೇ. ಹಾಗಿರುವಾಗ ದೇವರಿಗೆ, ಗುರುವಿಗೆ, ಜ್ಯೋತಿಷಿಗೆ ಮಾತ್ರ ಪುರಾವೆ ಏಕೆ ಕೇಳುತ್ತೀರಿ?” ಹೀಗೆ ಕೇಳಿದವರಲ್ಲಿ ಭಕ್ತರಿದ್ದರು, ದೇವರನ್ನು ಒಪ್ಪದವರೂ ಇದ್ದರು. ಪ್ರಶ್ನೆ ಒಳ್ಳೆಯದು, ಆದರೆ ಅದರ ನಡುವೆ ಒಂದು ಜಾರುಬಂಡೆಯಿದೆ. ತರಗತಿಯಲ್ಲಿ, ಅಧ್ಯಾಪಕರ ಕೊಠಡಿಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಈ ವಿಷಯದ ಸುತ್ತ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಪರವಾನಗಿ ನೋಡದೆ ಬಸ್ ಹತ್ತುವುದು ಪುರಾವೆಯಿಲ್ಲದ ನಂಬಿಕೆಯೇ ತಾನೆ?

ಅಲ್ಲ. ಕಾಗದ ನೋಡಲಿಲ್ಲ ಎಂದ ಮಾತ್ರಕ್ಕೆ ಪುರಾವೆ ಇರಲಿಲ್ಲ ಎಂದಾಗುವುದಿಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವ ಮಿನಿ ಬಸ್ಸಿನಲ್ಲಿ ಕುಳಿತಾಗ ನನ್ನ ಬಳಿ ಏನೇನಿದೆ ಎಂದು ನೋಡಿ. ಇದೇ ದಾರಿಯಲ್ಲಿ ನಾನು, ನನ್ನ ಮನೆಯವರು, ನನ್ನ ಊರಿನವರು ಮಾಡಿದ ನೂರಾರು ಪ್ರಯಾಣಗಳ ಅನುಭವವಿದೆ. ಪರವಾನಗಿ ಇಲ್ಲದವನ ಕೈಗೆ ಬಸ್ ಕೊಟ್ಟರೆ ಡಿಪೊದವರೇ ಸಿಕ್ಕಿಬೀಳುತ್ತಾರೆ ಎಂಬ ತಿಳಿವಳಿಕೆಯಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಮರಿಯ ಅಂಚಿನಲ್ಲಿ ಚಾಲಕನ ಜೀವವೂ ನನ್ನ ಜೀವದ ಜೊತೆಯಲ್ಲೇ ಇದೆ. ಇದನ್ನೆಲ್ಲ ನಾನು ಮನಸ್ಸಿನಲ್ಲಿ ಪಟ್ಟಿ ಮಾಡುವುದಿಲ್ಲ, ನಿಜ. ನಡೆಯುವವನು ಹೆಜ್ಜೆಗಳನ್ನು ಎಣಿಸುವುದಿಲ್ಲ, ಆದರೂ ಹೆಜ್ಜೆಗಳಿರುತ್ತವೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಮೊದಲ ತಿರುವಿನಲ್ಲೇ ಚಾಲಕ ತೂಕಡಿಸಿದ್ದು ಕಂಡರೆ ನಾನು ಕೂಗಿ ಬಸ್ ನಿಲ್ಲಿಸಿ ಇಳಿದುಬಿಡುತ್ತೇನೆ. ನನ್ನ ನಂಬಿಕೆಗೆ ಇಳಿಯುವ ಬಾಗಿಲೊಂದಿದೆ. ಮುಂದಿನ ಉತ್ತರಗಳಲ್ಲಿ ಈ ಬಾಗಿಲು ಮತ್ತೆ ಮತ್ತೆ ಬರುತ್ತದೆ.

ಹಾಗಾದರೆ ಕನ್ನಡದಲ್ಲಿ ಎರಡಕ್ಕೂ ‘ನಂಬಿಕೆ’ ಎಂಬ ಒಂದೇ ಮಾತು ಏಕಿದೆ?

ಗೊಂದಲದ ಅರ್ಧ ಪಾಲು ಹುಟ್ಟುವುದು ಇಲ್ಲೇ. ನಮ್ಮ ಭಾಷೆ ಬಡವಾಗಿಲ್ಲ. ನೆಚ್ಚುವುದು ಇದೆ, ವಿಶ್ವಾಸ ಇದೆ, ಭರವಸೆ ಇದೆ, ನಿಷ್ಠೆ ಇದೆ, ಶ್ರದ್ಧೆ ಇದೆ, ಕೊಟ್ಟ ಮಾತಿಗೆ ನಡೆದುಕೊಳ್ಳುವವರಲ್ಲಿ ನಾವು ಕಾಣುವ ನಿಯತ್ತು ಇದೆ. ‘ವಿಶ್ವಾಸ’ಕ್ಕೆ ಪ್ರೀತಿಯ ಬಣ್ಣವೂ ಇದೆ, ‘ವಿಶ್ವಾಸದಿಂದ ಮಾತನಾಡಿಸಿದರು’ ಎಂದರೆ ಪುರಾವೆ ಕೊಟ್ಟರು ಎಂದಲ್ಲ. ‘ಶ್ರದ್ಧೆಯಿಂದ ಓದು’ ಎಂದು ಮಕ್ಕಳಿಗೆ ಹೇಳುವಾಗ ಮನಸ್ಸಿಟ್ಟು ಓದು ಎನ್ನುತ್ತಿದ್ದೇವೆ. ಆದರೆ ದಿನದ ಮಾತಿನಲ್ಲಿ ಇವೆಲ್ಲವೂ ‘ನಂಬಿಕೆ’ ಎಂಬ ಒಂದೇ ಕೊಡೆಯ ಕೆಳಗೆ ನಿಲ್ಲುತ್ತವೆ.

‘ನನಗೆ ಗಂಡನ ಮೇಲೆ ನಂಬಿಕೆ ಇದೆ’ ಎಂದು ಒಬ್ಬಾಕೆ ಹೇಳಿದರೆ, ಗಂಡ ಎಂಬ ವ್ಯಕ್ತಿ ಇದ್ದಾನೆ ಎಂಬುದನ್ನು ಆಕೆ ಸಾರುತ್ತಿಲ್ಲ. ಅವನು ಅಡುಗೆಮನೆಯಲ್ಲೇ ಕಾಫಿ ಸೋಸುತ್ತಿರಬಹುದು. ಅವನು ಮೋಸ ಮಾಡುವವನಲ್ಲ ಎಂಬುದಷ್ಟೇ ಆಕೆಯ ಮಾತು. ‘ನನಗೆ ದೇವರ ಮೇಲೆ ನಂಬಿಕೆ ಇದೆ’ ಎಂದಾಗ ಎರಡು ಮಾತುಗಳು ಒಂದೇ ಉಸಿರಿನಲ್ಲಿ ಬರುತ್ತವೆ: ದೇವರಿದ್ದಾನೆ, ಮತ್ತು ಅವನು ಕೈಬಿಡುವುದಿಲ್ಲ. ವ್ಯಾಕರಣ ಒಂದೇ, ಹೊರೆ ಬೇರೆ. ಬಸ್ಸಿನ ಉದಾಹರಣೆ ಎರಡನೆಯ ಮಾತಿಗೆ ಅಷ್ಟಿಷ್ಟು ಹೊಂದೀತು. ಮೊದಲನೆಯದಕ್ಕೆ ಹೊಂದುವುದೇ ಇಲ್ಲ. ಚಾಲಕ ಇದ್ದಾನೋ ಇಲ್ಲವೋ ಎಂದು ಯಾವ ಪ್ರಯಾಣಿಕನೂ ತಲೆಕೆಡಿಸಿಕೊಂಡಿಲ್ಲ.

ಕಣ್ಣಾರೆ ಕಾಣದ್ದನ್ನು ಪುರಾವೆ ಎನ್ನಬಹುದೇ?

ನಿಮ್ಮ ಹುಟ್ಟಿದ ದಿನ ನಿಮಗೆ ಹೇಗೆ ಗೊತ್ತು? ಅಲ್ಲಿ ನೀವಿದ್ದಿರಿ, ಆದರೆ ಸಾಕ್ಷಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ತಾಯಿ ಹೇಳಿದಳು, ದಾಖಲೆ ಹೇಳಿತು, ನೀವು ಒಪ್ಪಿದಿರಿ. ನಮ್ಮ ಅರಿವಿನ ಬಹುಪಾಲು ಹೀಗೆ ಇನ್ನೊಬ್ಬರ ಬಾಯಿಂದ ಬಂದದ್ದು.

ನಮ್ಮ ದರ್ಶನಕಾರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚಾರ್ವಾಕರು ಪ್ರತ್ಯಕ್ಷವೊಂದೇ ಸಾಕೆಂದರು. ಬೌದ್ಧ ತಾರ್ಕಿಕ ದಿಙ್ನಾಗ ಪ್ರತ್ಯಕ್ಷದ ಜೊತೆಗೆ ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದನ್ನು, ಒಪ್ಪಿ ಅಲ್ಲಿಗೇ ನಿಂತ. ನ್ಯಾಯದರ್ಶನದವರಾದ ನೈಯಾಯಿಕರು ಇವೆರಡರ ಜೊತೆಗೆ ಹೋಲಿಕೆಯಿಂದ ತಿಳಿಯುವ ಉಪಮಾನವನ್ನೂ ಶಬ್ದವನ್ನೂ, ಅಂದರೆ ಆಪ್ತರ ಮಾತನ್ನೂ, ಪ್ರಮಾಣವೆಂದರು. ಈ ‘ಆಪ್ತ’ ನಾವು ಇಂದು ಹೇಳುವ ಆಪ್ತಮಿತ್ರನಲ್ಲ. ವಿಷಯವನ್ನು ನೇರವಾಗಿ ತಿಳಿದವನು ಮತ್ತು ತಿಳಿದಂತೆಯೇ ಹೇಳಬೇಕೆಂಬ ಮನಸ್ಸುಳ್ಳವನು ಆಪ್ತ. ಹಾಗಿದ್ದರೆ ಅವನು ಋಷಿಯಾದರೇನು, ಆರ್ಯನಾದರೇನು, ಮ್ಲೇಚ್ಛನಾದರೇನು, ಲಕ್ಷಣ ಒಂದೇ ಎಂದು ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಹೇಳಿದ. ಈ ಮಾತನ್ನು ಪಾಠ ಮಾಡುವಾಗಲೆಲ್ಲ ನನಗೆ ಸಂತೋಷವಾಗುತ್ತಿತ್ತು. ದಾರಿ ಕೇಳಿದಾಗ ಹೇಳುವ ಕುರಿಗಾಹಿಗೂ ಆಕಾಶದ ಲೆಕ್ಕ ಹೇಳುವ ಪಂಡಿತನಿಗೂ ಒಂದೇ ಅಳತೆಗೋಲು: ಗೊತ್ತಿದೆಯೇ, ಗೊತ್ತಿದ್ದದ್ದನ್ನು ಹೇಳುತ್ತಿದ್ದಾನೆಯೇ?

ಈ ಅಳತೆಗೋಲು ತಾಯಿಯ ಮಾತಿಗೂ ದಾಖಲೆಗೂ ಅನ್ವಯಿಸುತ್ತದೆ. ನಮ್ಮ ತಂದೆಯ ಪೀಳಿಗೆಯ ಎಷ್ಟೋ ಜನರ ಶಾಲಾ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ಅಷ್ಟೊಂದು ಮಕ್ಕಳು ಒಂದೇ ದಿನ ಹುಟ್ಟಿದ್ದರಿಂದಲ್ಲ. ಶಾಲೆಗೆ ಸೇರಿಸುವಾಗ ದಿನ ಗೊತ್ತಿಲ್ಲದ ಮಕ್ಕಳಿಗೆ ಮೇಷ್ಟ್ರು ವಯಸ್ಸು ಸರಿಹೊಂದುವಂತೆ ಬರೆದುಕೊಂಡ ದಿನ ಅದು. ನಮ್ಮ ತಂದೆಗೂ ಅದೇ ಜೂನ್ 1. ಅಜ್ಜಿ ಮಾತ್ರ, ‘ದೀಪಾವಳಿಯ ಪಾಡ್ಯದಂದು ಹುಟ್ಟಿದ ಮಗು’ ಎನ್ನುತ್ತಿದ್ದಳು. ಇಲ್ಲಿ ಸರ್ಕಾರದ ಮುದ್ರೆಯಿದ್ದ ಕಾಗದಕ್ಕಿಂತ ಓದು ಬಾರದ ಅಜ್ಜಿಯೇ ಆಪ್ತಳು. ಅವಳು ತಿಳಿದು ಹೇಳಿದಳು, ಮೇಷ್ಟ್ರು ಅಂದಾಜಿನಿಂದ ಬರೆದರು.

ಎಲ್ಲವನ್ನೂ ಪರೀಕ್ಷಿಸಿಯೇ ನಂಬುತ್ತೇನೆ ಎಂದು ಹಟ ಹಿಡಿದರೆ?

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮಲ್ಲಿದೆ, ಅದು ಒಳ್ಳೆಯ ಗಾದೆ. ಆದರೆ ಪ್ರಮಾಣಿಸಿದ್ದನ್ನು ಮತ್ತೆ ಪ್ರಮಾಣಿಸಬೇಕೆ, ಅದನ್ನೂ ಮತ್ತೆ? ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಸುಕಿ ನೋಡುತ್ತೇವೆ. ಎಲ್ಲ ಅಗುಳುಗಳನ್ನೂ ಹಿಸುಕಿದರೆ ಊಟಕ್ಕೆ ಅನ್ನವೇ ಉಳಿಯುವುದಿಲ್ಲ.

ಮಿಥಿಲೆಯ ನೈಯಾಯಿಕ ಉದಯನ ಈ ಹಟಕ್ಕೆ ಸಾವಿರ ವರ್ಷಗಳ ಹಿಂದೆಯೇ ಉತ್ತರಿಸಿದ. ನಿನ್ನ ನಡತೆಗೆ ನಿನ್ನ ಸಂಶಯವೇ ಅಡ್ಡ ಬರುವ ತನಕ ಸಂಶಯ ಪಡು, ಅದರಾಚೆಗೆ ಅದು ಬರೀ ಬಾಯಿಮಾತು ಎಂಬುದು ಅವನ ವಾದದ ತಿರುಳು. ಅವನ ದಾರಿಯಲ್ಲೇ ಬಂದ ಗಂಗೇಶ 14ನೆಯ ಶತಮಾನದಲ್ಲಿ ಅದನ್ನು ಇನ್ನಷ್ಟು ಚುರುಕಾಗಿ ಹೇಳಿದ: ಬೆಂಕಿಯಿಂದ ಹೊಗೆ ಬರುತ್ತದೆಯೋ ಇಲ್ಲವೋ ಎಂದು ಸಂಶಯ ಪಡುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಏಕೆ ಹುಡುಕುತ್ತಾನೆ? ಹಸಿವಾದಾಗ ಊಟವನ್ನೇ ಏಕೆ ಮಾಡುತ್ತಾನೆ? ತನ್ನ ಸಂಶಯವನ್ನು ಇನ್ನೊಬ್ಬರಿಗೆ ತಿಳಿಸಲು ಮಾತನ್ನೇ ಏಕೆ ಬಳಸುತ್ತಾನೆ?

ಉಡುಪಿಯ ಮಧ್ವಾಚಾರ್ಯರ ಪರಂಪರೆ ಇನ್ನೊಂದು ತುದಿಯಿಂದ ಇದೇ ಗಂಟನ್ನು ಬಿಡಿಸುತ್ತದೆ. ಜ್ಞಾನ ತನ್ನಷ್ಟಕ್ಕೆ ತಾನು ಪ್ರಮಾಣ. ದೋಷವಿದ್ದಾಗ ಮಾತ್ರ ಅದು ಕೆಡುತ್ತದೆ. ಅದರ ಸತ್ಯವನ್ನು ಒಳಗಿನ ಸಾಕ್ಷಿ ಗುರುತಿಸುತ್ತದೆ ಎನ್ನುತ್ತದೆ. ಇದಕ್ಕೆ ವಿರುದ್ಧವಾಗಿ ನೈಯಾಯಿಕರು, ದೂರದಲ್ಲಿ ಕಂಡದ್ದು ನೀರೇ ಎಂಬುದು ಹೋಗಿ ಕುಡಿದು ಬಾಯಾರಿಕೆ ತೀರಿದಾಗ ಖಚಿತವಾಗುತ್ತದೆ ಎನ್ನುತ್ತಾರೆ. ಇಬ್ಬರ ಜಗಳ ದೊಡ್ಡದು, ಆ ಜಗಳವನ್ನು ನಾನು ಇಲ್ಲಿ ತೀರಿಸಲಾರೆ. ನನ್ನ ಪ್ರಶ್ನೆಗೆ ಬೇಕಾದಷ್ಟನ್ನು ಇಬ್ಬರೂ ಕೊಡುತ್ತಾರೆ: ಮೊದಲು ಒಪ್ಪಿ ನಡೆಯುವುದು ತಪ್ಪಲ್ಲ, ದೋಷ ಕಂಡಾಗ ಬಿಡದಿರುವುದು ತಪ್ಪು.

ನಿನ್ನೆಯವರೆಗೆ ನಡೆದದ್ದು ನಾಳೆಯೂ ನಡೆಯುತ್ತದೆ ಎಂಬುದಕ್ಕೆ ಏನು ಪುರಾವೆ?

ಗಟ್ಟಿ ಪುರಾವೆ ಇಲ್ಲ. ಕುರಿ ಕಟುಕನನ್ನು ನಂಬಿದ ಹಾಗೆ ಎಂಬ ನಮ್ಮ ಗಾದೆ ಹೇಳುವುದು ಇದನ್ನೇ. ದಿನವೂ ಸೊಪ್ಪು ಕೊಟ್ಟ ಕೈಯೇ ಒಂದು ದಿನ ಕತ್ತಿ ಹಿಡಿಯುತ್ತದೆ. ಬ್ರಿಟಿಷ್ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1912ರಲ್ಲಿ ಕಾಳು ಹಾಕುವ ಯಜಮಾನನನ್ನು ನಂಬಿದ ಕೋಳಿಯ ಮೂಲಕ ಇದೇ ಮಾತನ್ನು ಹೇಳಿದ. ಆದರೆ ಕುರಿ ದಿನಗಳನ್ನಷ್ಟೇ ಎಣಿಸಿತು; ಇವನು ನನಗೇಕೆ ಸೊಪ್ಪು ಕೊಡುತ್ತಿದ್ದಾನೆ ಎಂದು ಕೇಳಲಿಲ್ಲ. ನಾವು ಕೇಳಬಲ್ಲೆವು.

ಲಿಫ್ಟನ್ನು ನಂಬುವುದೂ ಗೆಳತಿಯನ್ನು ನಂಬುವುದೂ ಒಂದೇ ಬಗೆಯದೇ?

ಅಲ್ಲ. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ, ಲಿಫ್ಟ್ ಬೀಳದಂತೆ ತಡೆಯುವ ಸಾಧನ ಕಂಡುಹಿಡಿದ ಎಲಿಶಾ ಓಟಿಸ್ ಎತ್ತರದ ವೇದಿಕೆಯ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನು ಕಡಿಸಿದ. ವೇದಿಕೆ ಸ್ವಲ್ಪವೇ ಜಾರಿ, ಸುರಕ್ಷಾ ಹಿಡಿತ ಕಚ್ಚಿ ನಿಂತುಬಿಟ್ಟಿತು. ಯಂತ್ರದ ಮೇಲಿನ ನಂಬಿಕೆಗೆ ಇಷ್ಟು ಸಾಕು. ಗೆಳತಿಯ ವಿಷಯದಲ್ಲಿ ಹಗ್ಗ ಕಡಿದು ನೋಡಲು ಬರುವುದಿಲ್ಲ. ಲಿಫ್ಟ್ ಕೆಟ್ಟು ನಿಂತರೆ ಬೇಸರವಾಗುತ್ತದೆ, ಗೆಳತಿ ಕೈಕೊಟ್ಟರೆ ಎದೆಗೆ ಪೆಟ್ಟು ಬೀಳುತ್ತದೆ. ‘ದ್ರೋಹ’ ಎಂಬ ಮಾತನ್ನು ನಾವು ಯಂತ್ರಕ್ಕೆ ಬಳಸುವುದಿಲ್ಲ. ಯಂತ್ರವನ್ನು ನೆಚ್ಚುತ್ತೇವೆ, ಮನುಷ್ಯರಿಗೆ ನಮ್ಮನ್ನು ಒಪ್ಪಿಸಿಕೊಳ್ಳುತ್ತೇವೆ.

ವಿಜ್ಞಾನಿಗಳ ಮಾತನ್ನೂ ನಾವು ಪರೀಕ್ಷಿಸದೆ ಒಪ್ಪುತ್ತೇವೆ. ಅದು ಇನ್ನೊಂದು ಮತವಲ್ಲವೇ?

ಈ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲೇ ಇದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲಕ್ಕೆ ಬಿದ್ದು ಒಡೆದುಹೋಯಿತು. ಆ ರಾತ್ರಿ ನಿದ್ದೆಗೆಟ್ಟು ನೋಡಿದವರಲ್ಲಿ ನಾನೂ ಒಬ್ಬಳು, ಮರುದಿನ ತರಗತಿಯಲ್ಲಿ ಮಕ್ಕಳ ಮುಖ ಬಾಡಿತ್ತು. ಇಸ್ರೊ ಆಗ ಏನು ಮಾಡಿತು? ಎಲ್ಲಿ ತಪ್ಪಿತು ಎಂದು ಹುಡುಕಿತು. ಮುಂದಿನ ನೌಕೆಯನ್ನು, ಏನೇನು ಸರಿಹೋಗಬೇಕು ಎಂಬ ಲೆಕ್ಕದಿಂದಲ್ಲ, ಏನೇನು ಕೆಡಬಹುದು ಎಂಬ ಲೆಕ್ಕದಿಂದ ವಿನ್ಯಾಸ ಮಾಡಿತು. ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿತು. ಕಾಲುಗಳನ್ನು ಬಲಪಡಿಸಿತು, ಇಂಧನವನ್ನು ಹೆಚ್ಚಿಸಿತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಮೆಲ್ಲಗೆ ಇಳಿಯಿತು.

ತನ್ನ ಮೇಲೆಯೇ ಸಂಶಯ ಪಡುವುದನ್ನು ಕೆಲಸದ ಕ್ರಮವಾಗಿ ಮಾಡಿಕೊಂಡವರನ್ನು ನಾನು ನಂಬುತ್ತೇನೆ. ಲ್ಯಾಂಡರಿನ ಲೆಕ್ಕವನ್ನು ನಾನು ಮಾಡಲಾರೆ, ಆದರೆ ಲೆಕ್ಕ ತಪ್ಪಿದಾಗ ಅವರು ಒಪ್ಪಿಕೊಂಡದ್ದನ್ನು ಕಂಡಿದ್ದೇನೆ. ಅದು ನನ್ನ ಕೈಗೆ ಸಿಗುವ ಪುರಾವೆ.

ಇದನ್ನು ಹೇಳಿದಾಗಲೆಲ್ಲ ಯಾರಾದರೂ ನೆನಪಿಸುತ್ತಾರೆ: ಉಡಾವಣೆಗೆ ಮೊದಲು ಅದೇ ವಿಜ್ಞಾನಿಗಳು ನೌಕೆಯ ಪುಟ್ಟ ಮಾದರಿ ಹಿಡಿದು ತಿರುಪತಿಗೆ ಹೋಗುತ್ತಾರಲ್ಲ? ಹೋಗುತ್ತಾರೆ. ಅದರಲ್ಲಿ ನನಗೆ ವಿರೋಧವೇನೂ ಕಾಣುವುದಿಲ್ಲ. ತಿಮ್ಮಪ್ಪನ ದರ್ಶನವಾಯಿತು, ಆದ್ದರಿಂದ ಈ ಒಂದು ಪರೀಕ್ಷೆಯನ್ನು ಬಿಡೋಣ ಎಂದು ಅವರು ಹೇಳುವುದಿಲ್ಲ. ಒಬ್ಬನೇ ಮನುಷ್ಯನ ಎದೆಯಲ್ಲಿ ಎರಡು ಬಗೆಯ ನಂಬಿಕೆ ಇರಬಲ್ಲದು, ಒಂದು ಇನ್ನೊಂದರ ಕೆಲಸಕ್ಕೆ ಕೈಹಾಕದಿದ್ದರೆ.

ನೋಟಿನ ಮೇಲಿನ ನಂಬಿಕೆ ಯಾವ ಬಗೆಯದು?

ನೋಟು ಬರೀ ಕಾಗದ. ಅದರ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿಯಿರುವ ಒಂದು ವಚನವಿದೆ. ತರಕಾರಿಯವಳು ಅದನ್ನು ತೆಗೆದುಕೊಳ್ಳುವುದು ನಾಳೆ ಮಂಡಿಯವನೂ ತೆಗೆದುಕೊಳ್ಳುತ್ತಾನೆಂದು ತಿಳಿದು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳ ಚಲಾವಣೆ ರದ್ದಾದಾಗ, ಮರುದಿನ ಬೆಳಿಗ್ಗೆ ಸಂತೆಯಲ್ಲಿ ಅವುಗಳನ್ನು ಮುಟ್ಟುವವರಿರಲಿಲ್ಲ. ಎಷ್ಟು ಬೇಗ ಬಿಟ್ಟುಕೊಟ್ಟೆವು ನೋಡಿ. ಬಾಗಿಲು ಅಷ್ಟು ಹತ್ತಿರದಲ್ಲಿತ್ತು.

ನಿಮಗೆ ನಂಬಿಕೆ ಕೈಕೊಟ್ಟದ್ದು ಉಂಟೇ?

ಉಂಟು. ನಮ್ಮ ಬೀದಿಯಲ್ಲಿ ಒಬ್ಬ ಹೆಂಗಸು ಚೀಟಿ ನಡೆಸುತ್ತಿದ್ದರು. 20 ಜನ, ತಿಂಗಳಿಗೆ 2000 ರೂಪಾಯಿ. ಎರಡು ಸುತ್ತು ಚೀಟಿ ಸರಿಯಾಗಿ ನಡೆಯಿತು, ಕೂಗಿದವರಿಗೆಲ್ಲ ದುಡ್ಡು ಸಿಕ್ಕಿತು. ಮೂರನೆಯ ಸುತ್ತಿನ ನಡುವೆ ಒಂದು ಸೋಮವಾರ ಅವರ ಮನೆಗೆ ಬೀಗ ಬಿದ್ದಿತ್ತು. ನನ್ನ ಹಣ ಹೋಯಿತು. ನನಗಿಂತ ಹೆಚ್ಚು ಕಳೆದುಕೊಂಡವಳು ಹೂ ಕಟ್ಟಿ ಮಾರುತ್ತಿದ್ದವಳು. ಮಗಳ ಮದುವೆಗೆಂದು ಎರಡು ಚೀಟಿ ಹಾಕಿದ್ದಳು. ಅವಳು ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ಅತ್ತದ್ದು ನನಗೆ ಇಂದಿಗೂ ಮರೆತಿಲ್ಲ.

ಆಮೇಲೆ ಬಹಳ ದಿನ ನನ್ನನ್ನು ನಾನೇ ಕೇಳಿಕೊಂಡೆ: ನಾನು ಪುರಾವೆಯಿಲ್ಲದೆ ನಂಬಿದೆನೇ? ಇಲ್ಲ, ಪುರಾವೆಗಳಿದ್ದವು. ಎರಡು ಸುತ್ತು ಸರಿಯಾಗಿ ನಡೆದಿತ್ತು. ಆಕೆ ಪ್ರತಿ ಶುಕ್ರವಾರ ಪೂಜೆ ಮಾಡಿ ಬೀದಿಗೆಲ್ಲ ಪ್ರಸಾದ ಹಂಚುತ್ತಿದ್ದರು. ನನ್ನ ತಪ್ಪು ಇರುವುದು ಎರಡನೆಯದರಲ್ಲಿ. ಪೂಜೆ ಆಕೆಯ ಭಕ್ತಿಗೆ ಸಾಕ್ಷಿಯಾಗಿತ್ತೇ ಹೊರತು ಆಕೆಯ ಲೆಕ್ಕಕ್ಕೆ ಸಾಕ್ಷಿಯಾಗಿರಲಿಲ್ಲ. ಒಂದು ಕಡೆಯ ನಂಬಿಕೆಯನ್ನು ಇನ್ನೊಂದು ಕಡೆಗೆ ದಾಟಿಸಿಬಿಟ್ಟಿದ್ದೆ. ಚೀಟಿಗೆ 1982ರ ಕಾಯ್ದೆಯಿದೆ, ನೋಂದಣಿಯಿದೆ. ಅದರ ಬಗ್ಗೆ ಆಕೆಯನ್ನು ಕೇಳಬೇಕೆಂದು ನನಗೆ ಒಂದು ದಿನವೂ ತೋಚಲಿಲ್ಲ. ಕೇಳಿದ್ದರೆ ಆಕೆಗೆ ಅವಮಾನವಾದೀತು ಎಂದುಕೊಂಡಿದ್ದೆ.

ಧರ್ಮದ ಹೆಸರು ಹೇಳಿ ಠೇವಣಿ ಕೂಡಿಸುವ ದೊಡ್ಡ ಮೋಸಗಳೂ ಇದೇ ದಾರಿಯಲ್ಲಿ ನಡೆಯುತ್ತವೆ. ದೇವರ ಮೇಲಿನ ಶ್ರದ್ಧೆಯನ್ನು ಬಡ್ಡಿಯ ಲೆಕ್ಕಕ್ಕೆ ಜಾಮೀನಾಗಿ ನಿಲ್ಲಿಸುತ್ತಾರೆ. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ. ಪ್ರಸಾದಕ್ಕೆ ಅಂಥ ವಿಮೆಯಿಲ್ಲ.

ಪುಣ್ಯಕೋಟಿಯನ್ನು ಹೋಗಲು ಬಿಟ್ಟ ಹುಲಿ ಮಾಡಿದ್ದು ಮೂರ್ಖತನವೇ?

ನನಗೆ ಬಂದ ಪ್ರಶ್ನೆಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಇದು. ಪ್ರಥಮ ಪಿಯುಸಿಯ ಒಬ್ಬ ಹುಡುಗಿ ಕೇಳಿದ್ದಳು. ಆ ಕಥೆ ಕೇಳಿ ಅಳದೆ ಬೆಳೆದ ಕನ್ನಡದ ಮಗು ಕಡಿಮೆ. ಆದರೆ ನಾವೆಲ್ಲ ಹಸುವಿನ ಸತ್ಯಕ್ಕೆ ಕಣ್ಣೀರು ಹಾಕಿದೆವು, ಹುಲಿಯ ನಂಬಿಕೆಯನ್ನು ಗಮನಿಸಲಿಲ್ಲ. ಹುಲಿಗೆ ಪುರಾವೆಯೇನೂ ಇರಲಿಲ್ಲ. ಈ ಹಸು ಹಿಂದೆ ಎಂದೂ ಮಾತು ಕೊಟ್ಟು ಉಳಿಸಿಕೊಂಡದ್ದನ್ನು ಅದು ಕಂಡಿರಲಿಲ್ಲ. ಸಾಯಲು ತಾನಾಗಿಯೇ ಮರಳಿ ಬರುತ್ತೇನೆ ಎಂಬುದು ಯಾರೂ ನಂಬುವ ಮಾತೂ ಅಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಕಥೆ ಇಡುತ್ತೇನೆ. 1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ ಒಬ್ಬ ಹಡಗಿನ ಒಡೆಯನ ಕಥೆ ಹೇಳಿದ. ಹಡಗು ಹಳೆಯದು, ದುರಸ್ತಿ ಬೇಕು ಎಂಬುದು ಒಡೆಯನಿಗೆ ಗೊತ್ತು. ಆದರೆ ದುಡ್ಡು ಖರ್ಚಾಗುತ್ತದೆ. ಇಷ್ಟು ಸಲ ದಡ ಸೇರಿದೆ, ದೇವರು ಕಾಪಾಡುತ್ತಾನೆ ಎಂದು ಮನಸ್ಸಿನ ಸಂಶಯವನ್ನು ಅದುಮಿ, ಮನಃಪೂರ್ವಕವಾಗಿ ನಂಬಿ, ವಲಸೆ ಹೊರಟವರನ್ನು ಹತ್ತಿಸಿ ಕಳುಹಿಸಿದ. ಹಡಗು ಮುಳುಗಿತು, ಅವನು ವಿಮೆಯ ಹಣ ಪಡೆದ. ಹಡಗು ಮುಳುಗದೆ ದಡ ಸೇರಿದ್ದರೂ ಅವನು ಅಷ್ಟೇ ಅಪರಾಧಿ ಎಂದು ಕ್ಲಿಫರ್ಡ್ ತೀರ್ಪು ಕೊಟ್ಟ. ಸಾಕಷ್ಟು ಆಧಾರವಿಲ್ಲದೆ ಏನನ್ನೇ ಆಗಲಿ ನಂಬುವುದು ಎಲ್ಲೆಲ್ಲೂ ಎಂದೆಂದೂ ತಪ್ಪು ಎಂಬುದು ಅವನ ನಿಲುವು.

ಒಡೆಯನ ವಿಷಯದಲ್ಲಿ ನಾನು ಕ್ಲಿಫರ್ಡನ ಪಕ್ಷ. ಆದರೆ ಅವನ ನಿಯಮವನ್ನು ಹುಲಿಗೆ ಹಚ್ಚಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದು ಹಲವು ವರ್ಷ ಯೋಚಿಸಿದೆ. ಹುಲಿ ಪಣಕ್ಕಿಟ್ಟದ್ದು ತನ್ನ ಊಟವನ್ನು. ಒಡೆಯ ಪಣಕ್ಕಿಟ್ಟದ್ದು ಇತರರ ಪ್ರಾಣವನ್ನು. ನಂಬಿಕೆ ಸುಳ್ಳಾದರೆ ಬೆಲೆ ತೆರುವವರು ಯಾರು ಎಂಬುದನ್ನು ಪುರಾವೆಯಷ್ಟೇ ಗಟ್ಟಿಯಾಗಿ ಕೇಳಬೇಕು. ತನ್ನ ಊಟ ಹೋದರೂ ಸರಿ ಎಂದು ಒಬ್ಬರನ್ನು ನಂಬುವುದು ಔದಾರ್ಯ. ಜೈಲಿನಿಂದ ಬಂದವನಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಕೀಲಿ ಕೊಟ್ಟ ವ್ಯಾಪಾರಿಯನ್ನು ನಾನು ಬಲ್ಲೆ; ಪುರಾವೆ ನೋಡಿ ಅವರು ಕೀಲಿ ಕೊಟ್ಟದ್ದಲ್ಲ, ಕೀಲಿ ಕೊಟ್ಟದ್ದರಿಂದಲೇ ಆ ಮನುಷ್ಯ ಪುರಾವೆಯಾಗಿ ನಿಂತ. ಇಂಥ ನಂಬಿಕೆ ಪುರಾವೆಯನ್ನು ಮೀರಿದ್ದು ಎಂದು ನಾನು ಒಪ್ಪುತ್ತೇನೆ. ಬಸ್ಸಿನ ವಾದ ಹೂಡುವ ವಿದ್ಯಾರ್ಥಿಗಳಿಗೆ ಇಲ್ಲಿ ಸ್ವಲ್ಪ ಗೆಲುವು ಸಲ್ಲಬೇಕು.

ಗಂಡ ಹೆಂಡಿರ ನಡುವೆ ಪುರಾವೆ ಕೇಳುವುದು ಸರಿಯೇ?

ಕೇಳಿದ ಕ್ಷಣದಲ್ಲಿ ಕೇಳಿದ್ದು ಕೆಡುತ್ತದೆ. ದಿನವೂ ಹೆಂಡತಿಯ ಮೊಬೈಲ್ ತೆರೆದು ನೋಡಿ, ಏನೂ ಸಿಗದೆ, ‘ಈಗ ನಿನ್ನ ಮೇಲೆ ನಂಬಿಕೆ ಬಂತು’ ಎನ್ನುವ ಗಂಡನಿಗೆ ಬಂದದ್ದು ಮಾಹಿತಿ ಮಾತ್ರ. ಹಾಗೆಂದು ಇದು ಕುರುಡು ನಂಬಿಕೆಯೂ ಅಲ್ಲ. ಕಾಯಿಲೆ ಬಿದ್ದಾಗ ಪಕ್ಕದಲ್ಲಿ ಕುಳಿತದ್ದು, ಅತ್ತೆಯ ಮನೆಯಲ್ಲಿ ಪರವಾಗಿ ಒಂದು ಮಾತು ಆಡಿದ್ದು, ಹಣವಿಲ್ಲದ ತಿಂಗಳಲ್ಲಿ ಬಳೆ ಬಿಚ್ಚಿಕೊಟ್ಟದ್ದು: ಇವೆಲ್ಲ ಹುಡುಕದೆಯೇ ಬಂದು ಸೇರಿದ ಪುರಾವೆಗಳು. ಆದರೆ ಹೊಡೆಯುವ ಗಂಡನನ್ನೂ ‘ನಂಬಿಕೊಂಡಿರು’ ಎಂದು ಮಗಳಿಗೆ ಹೇಳುವವರು ಅವಳ ಬಾಗಿಲನ್ನು ಹೊರಗಿನಿಂದ ಮುಚ್ಚುತ್ತಿದ್ದಾರೆ. ಅದನ್ನು ಸದ್ಗುಣವೆಂದು ಕರೆಯಲು ನಾನು ಸಿದ್ಧಳಿಲ್ಲ.

ಆಣೆ ಪ್ರಮಾಣಕ್ಕೆ ಬೆಲೆಯಿದೆಯೇ?

‘ಪ್ರಮಾಣ’ ಎಂಬ ಮಾತೇ ನಮ್ಮಲ್ಲಿ ಪುರಾವೆಯ ಸಾಧನವೂ ಹೌದು, ಆಣೆಯೂ ಹೌದು. ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಎಂಬ ನಾಡಿನಲ್ಲಿ ಧರ್ಮಸ್ಥಳದ ಆಣೆ ಎಂದರೆ ಜಮೀನಿನ ಜಗಳವೂ ನಿಲ್ಲುತ್ತಿತ್ತು. ನಾನು ಮಂಜುನಾಥನನ್ನು ನಂಬದಿದ್ದರೂ, ನೀವು ಅವನಿಗೆ ಹೆದರುತ್ತೀರೆಂದು ನನಗೆ ಗೊತ್ತಿದ್ದರೆ, ನಿಮ್ಮ ಆಣೆ ನನಗೆ ಪುರಾವೆಯಾಗುತ್ತದೆ. ನಿಮ್ಮ ಶ್ರದ್ಧೆ ನನ್ನ ಆಧಾರ. ನೀವು ಹೆದರುವವರಲ್ಲ ಎಂದು ತಿಳಿದ ದಿನ ಆ ಆಧಾರ ಹೋಗುತ್ತದೆ. ನ್ಯಾಯಾಲಯ ಇದನ್ನು ಅರಿತೇ, ದೇವರ ಹೆಸರಿನಲ್ಲಿ ಪ್ರಮಾಣ ಮಾಡಲು ಒಲ್ಲದವರಿಗೆ ಸತ್ಯನಿಷ್ಠೆಯಿಂದ ದೃಢೀಕರಿಸುವ ಅವಕಾಶ ಕೊಟ್ಟಿದೆ. ಸುಳ್ಳು ಹೇಳಿದರೆ ಶಿಕ್ಷೆ ಇಬ್ಬರಿಗೂ ಒಂದೇ.

ಪೊಲೀಸ್ ಸಮವಸ್ತ್ರ ತೊಟ್ಟವರು ವಿಡಿಯೊ ಕರೆ ಮಾಡಿದರೆ ನಂಬಬೇಕೇ?

ಬೇಡ. ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸಿ ಹಣ ಕೀಳುವ ಮೋಸವದು; ಕಾನೂನಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬುದೇ ಇಲ್ಲ. ಕರೆ ಕಡಿಯಿರಿ, ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಗೂ ದೇವರ ಮೇಲಿನ ನಂಬಿಕೆ ಪುರಾವೆಯಿಲ್ಲದ್ದು ಎನ್ನುತ್ತೀರಾ?

ನಮ್ಮ ಅಮ್ಮನ ಬಗ್ಗೆ ಹೇಳುತ್ತೇನೆ. ನಮ್ಮ ಮನೆಗೆ ವರ್ತನೆ ಹಾಲು ಹಾಕುತ್ತಿದ್ದವನು ಒಮ್ಮೆ ನೀರು ಬೆರೆಸಿದ. ಅಮ್ಮ ಒಂದು ದಿನ ನೋಡಿದಳು, ಎರಡನೆಯ ದಿನ ಎಚ್ಚರಿಸಿದಳು, ಮೂರನೆಯ ದಿನ ಲೆಕ್ಕ ತೀರಿಸಿ ಕಳುಹಿಸಿದಳು. ಹತ್ತು ವರ್ಷದ ವರ್ತನೆ ಮೂರು ದಿನದಲ್ಲಿ ಮುಗಿಯಿತು. ಅದೇ ಅಮ್ಮ ಅಪ್ಪನ ಕಾಯಿಲೆಯಲ್ಲಿ ಗಂಟೆ ತಪ್ಪದೆ ಮಾತ್ರೆ ಕೊಟ್ಟಳು, ಸೋಮವಾರ ತಪ್ಪದೆ ದೇವಸ್ಥಾನಕ್ಕೆ ಹೋದಳು. ಅಪ್ಪ ಉಳಿಯಲಿಲ್ಲ. ಹದಿಮೂರು ದಿನ ಕಳೆದ ಮೇಲಿನ ಮೊದಲ ಸೋಮವಾರ ಅಮ್ಮ ಮತ್ತೆ ಹೂವಿನ ಬುಟ್ಟಿ ಹಿಡಿದು ಹೊರಟಾಗ ನಾನು ತಡೆಯಲಾರದೆ ಕೇಳಿದೆ: “ಅವನು ಕೈಬಿಟ್ಟನಲ್ಲ, ಮತ್ತೇಕೆ ಹೋಗುತ್ತೀ?” ಅವಳು ಹೇಳಿದಳು: “ಅವನು ಹಾಲಿನವನಲ್ಲ.”

ಆ ಎರಡು ಪದಗಳಲ್ಲಿ ನಾನು ತರಗತಿಯಲ್ಲಿ ಹೇಳಲು ಒದ್ದಾಡುತ್ತಿದ್ದದ್ದೆಲ್ಲ ಇತ್ತು. ಅವಳ ಭಕ್ತಿ ಮುಂದೇನಾಗುತ್ತದೆ ಎಂಬ ಲೆಕ್ಕವಾಗಿರಲಿಲ್ಲ. ಯಾವ ಘಟನೆಯೂ ಅದನ್ನು ಸುಳ್ಳು ಮಾಡಲಾರದಾಗಿತ್ತು. ಅದಕ್ಕೆ ಇಳಿಯುವ ಬಾಗಿಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅದನ್ನು ನಾನು ಗೌರವಿಸುತ್ತೇನೆ, ಆದರೆ ಅದಕ್ಕೆ ಪುರಾವೆಯಿದೆ ಎಂದು ಹೇಳಲಾರೆ. ಭಕ್ತರಲ್ಲಿ ಕೆಲವರು ಅನುಭವವೇ ಪುರಾವೆ ಎನ್ನುತ್ತಾರೆ, ಕೆಲವರು ಶಾಸ್ತ್ರದ ಮಾತು ಪ್ರಮಾಣ ಎನ್ನುತ್ತಾರೆ. ಆ ವಾದಗಳು ತಮ್ಮ ಕಾಲ ಮೇಲೆ ನಿಲ್ಲಲಿ, ಬೀಳಲಿ; ಅವುಗಳಿಗೆ ಬಸ್ ಚಾಲಕನ ಹೆಗಲು ಬೇಡ. ಚಾಲಕನಿಗೂ ಇದು ಅನ್ಯಾಯ, ಅಮ್ಮನ ದೇವರಿಗೂ ಅನ್ಯಾಯ.

ಪವಾಡದ ಮಾತು ಬೇರೆ. ‘ಶೂನ್ಯದಿಂದ ವಿಭೂತಿ ಬರುತ್ತದೆ’, ‘ಈ ತಾಯಿತ ಕಟ್ಟಿದರೆ ಕ್ಯಾನ್ಸರ್ ವಾಸಿಯಾಗುತ್ತದೆ’ ಎಂದ ಕೂಡಲೇ ಹೇಳಿದವನು ಹಾಲಿನವನ ಸಾಲಿಗೆ ಬಂದು ನಿಂತ. ಹಾಲಿಗೆ ಬೆರೆಸಿದ ನೀರನ್ನು ಹಿಡಿಯುವ ಲ್ಯಾಕ್ಟೋಮೀಟರ್ ಅದ್ದಿ ನೋಡುವ ಹಕ್ಕು ನಮಗಿದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರಿಶೀಲಿಸಲು ಸಮಿತಿ ಮಾಡಿದ್ದು ಇದಕ್ಕೇ. ಅವರು ಭಕ್ತಿಯನ್ನು ಪರೀಕ್ಷಿಸಲು ಹೊರಟರೆಂದು ಆಗ ಹಲವರು ಸಿಟ್ಟಾದರು. ಅವರು ಕೇಳಿದ್ದು ಕಣ್ಣಿಗೆ ಕಾಣುತ್ತದೆಂದು ಹೇಳಿದ್ದನ್ನು ಕಣ್ಣಿಗೆ ತೋರಿಸಿ ಎಂದಷ್ಟೇ.

ಇದನ್ನೆಲ್ಲ ನೀವು ಹೇಳಿದಿರೆಂದು ನಾವು ನಂಬಬೇಕೇ?

ಕೊನೆಯ ತರಗತಿಯಲ್ಲಿ ಪ್ರತಿ ವರ್ಷವೂ ಬರುತ್ತಿದ್ದ ಪ್ರಶ್ನೆಯಿದು. ಮನೆಗೆಲಸವಾಗಿ ಎರಡು ಕೆಲಸ ಕೊಡುತ್ತಿದ್ದೆ. ಪೆಟ್ರೋಲ್ ಬಂಕಿನಲ್ಲಿ ಮುದ್ರೆ ಹಾಕಿದ 5 ಲೀಟರಿನ ಅಳತೆಪಾತ್ರೆ ಇರುತ್ತದೆ, ಯಾವ ಗ್ರಾಹಕನಾದರೂ ಅಳೆದು ತೋರಿಸಿ ಎಂದು ಕೇಳಬಹುದು. ಹೋಗಿ ಕೇಳಿ. ಈಚಿನ ವರ್ಷಗಳಲ್ಲಿ ಇನ್ನೊಂದನ್ನು ಸೇರಿಸಿದೆ: ಮನೆಯಲ್ಲಿ ಹೊಸದಾಗಿ ಕೊಂಡ ಚಿನ್ನವಿದ್ದರೆ, ಅದರ ಮೇಲಿನ 6 ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ಮರುದಿನ ಹೆಚ್ಚಿನವರು ಎಲ್ಲವೂ ಸರಿಯಿತ್ತು ಎಂದು ಬರುತ್ತಿದ್ದರು. ಒಬ್ಬ ಹುಡುಗ ಮಾತ್ರ, ಬಂಕಿನವರು ಪಾತ್ರೆ ಕೊಡಲು ಒಪ್ಪಲಿಲ್ಲ ಎಂದ. “ಆಮೇಲೆ?” ಎಂದು ಕೇಳಿದೆ. “ಎದುರಿನ ಬಂಕಿಗೆ ಹೋದೆ, ಮೇಡಂ.”